ಸ್ಪಿಟ್‌ಫೈರ್ ಮಾಡೆಲ್‌ಗೆ ಡೀಟೇಲಿಂಗ್ ಮತ್ತು ವೆದರಿಂಗ್: ಪ್ರತಿ ಕಲೆಗೂ ಒಂದು ಕಾರಣ ಇರ್ಲಿ

ವೆದರಿಂಗ್, ಅಂದ್ರೆ ಪ್ಲಾಸ್ಟಿಕ್ ಮಾಡೆಲ್‌ಗೆ ಸವೆತ, ಕೊಳೆ, ಕಲೆ ಹಾಕಿ ಬಳಸಿದಂಗೆ ಕಾಣೋ ಹಂಗೆ ಮಾಡೋದು, ಅದನ್ನ ಶುರು ಮಾಡೋಕೆ ಮುಂಚೆ ಒಂದೇ ಒಂದು ಪ್ರಶ್ನೆ ಕೇಳ್ಕೊಳ್ಳಿ, ಈ ಬಣ್ಣದ ಕೆಳಗೆ ಏನಿದೆ? ಇದಕ್ಕೆ ಉತ್ತರ ಗೊತ್ತಿಲ್ದೆ ಸಿಲ್ವರ್ ಪೇಂಟ್ ಸ್ಪಾಂಜ್‌ನಲ್ಲಿ ಅದ್ದಿ ಎಲ್ಲಾ ಕಡೆ ತಟ್ಟಿಬಿಟ್ರೆ ವಿಮಾನಕ್ಕೆ ಸಿಡುಬು ಎದ್ದಂಗೆ ಕಾಣುತ್ತೆ ಅಷ್ಟೇ, ಹಳೇದಾದಂಗೆ ಕಾಣಲ್ಲ. ಎರಡನೇ ಮಹಾಯುದ್ಧದ ಬ್ರಿಟಿಷ್ ಫೈಟರ್ ಸ್ಪಿಟ್‌ಫೈರ್ ಅಲ್ಯೂಮಿನಿಯಂ ವಿಮಾನ ಸರಿ, ಆದ್ರೆ ಅದರ ರಡ್ಡರ್ (ಬಾಲದಲ್ಲಿ ನೇರ ನಿಂತು ಎಡಕ್ಕೆ ಬಲಕ್ಕೆ ತಿರುಗೋ ಭಾಗ) ಬಟ್ಟೆ ಹೊದಿಸಿದ್ದು, ಹೆಚ್ಚಿನವುಗಳಲ್ಲಿ ಎಲಿವೇಟರ್ (ಬಾಲದಲ್ಲಿ ಅಡ್ಡಡ್ಡ ಇದ್ದು ಮೇಲೆ ಕೆಳಗೆ ತಿರುಗೋ ಭಾಗ) ಕೂಡ ಬಟ್ಟೇನೇ, ಅಲ್ಲಿ ಬಣ್ಣ ಕಿತ್ತು ಬೆಳ್ಳಿ ಕಾಣೋ ಮಾತೇ ಇಲ್ಲ. ರೋಟಾಲ್ ಪ್ರೊಪೆಲರ್ ಬ್ಲೇಡ್‌ಗಳು ಬಹಳಷ್ಟು ಒತ್ತಿದ ಮರದವು, ಅದರ ತುದಿಗೆ ಸಿಲ್ವರ್ ಚಿಪ್ಪಿಂಗ್ (ಬಣ್ಣ ಕಿತ್ತು ಲೋಹ ಕಾಣೋ ಹಂಗೆ ಚುಕ್ಕೆ) ಮಾಡಿದ ಮಾಡೆಲ್ ಎಷ್ಟು ನೋಡಿದೀನೋ ಲೆಕ್ಕ ಇಲ್ಲ. ಹರಿಕೇನ್ ತಗೊಂಡ್ರೆ ಕಾಕ್‌ಪಿಟ್ ಹಿಂದಿನ ಇಡೀ ಮೈ ಬಟ್ಟೆ. ಮಸ್ಟ್ಯಾಂಗ್ ರೆಕ್ಕೆ ಲೋಹದ್ದೇ ಆದ್ರೂ ಫ್ಯಾಕ್ಟರಿಯಲ್ಲೇ ಪುಟ್ಟಿ ಹಾಕಿ ಸಂದು ರಿವೆಟ್ ಎಲ್ಲಾ ಮುಚ್ಚಿ ಉಜ್ಜಿ ಮೇಲೆ ಸಿಲ್ವರ್ ಬಣ್ಣ ಹೊಡೀತಿದ್ರು, ಅದಕ್ಕೆ ಗುಂಡಗೆ ರಿವೆಟ್ ಸಾಲು ಕೆತ್ತಿ ಕೂತ್ರೆ ಶ್ರಮಾನೂ ವ್ಯರ್ಥ, ಮಾಡೆಲ್ಲೂ ತಪ್ಪು.

ನಾನಿಲ್ಲಿ ಹೇಳೋದು 1/48 ಸ್ಕೇಲ್ ಸ್ಪಿಟ್‌ಫೈರ್ ಮಾರ್ಕ್ 9 ಮೇಲೆ, 1944ರ ಬೇಸಿಗೆ, ಮಿತ್ರರಾಷ್ಟ್ರಗಳ ಸೇನೆ ಫ್ರಾನ್ಸಿನ ನಾರ್ಮಂಡಿ ತೀರಕ್ಕೆ ಇಳಿದ ಸಮಯದ್ದು. ವಿಧಾನ ಯಾವ ಫೈಟರ್‌ಗಾದ್ರೂ ಹೊಂದುತ್ತೆ, ಕಾರಣಗಳು ಮಾತ್ರ ಆಯಾ ವಿಮಾನಕ್ಕೆ ಬದಲಾಗುತ್ತೆ. ನಿಮ್ಮ ವಿಮಾನದ್ದು ಅದೇ ಕಾಲದ ಫೋಟೋ ಎರಡು ಮೂರಾದ್ರೂ ಎದುರಿಗಿಟ್ಕೊಳ್ಳಿ. ಈಗ ಏರ್‌ಶೋಗಳಲ್ಲಿ ಹಾರೋ ರಿಪೇರಿಯಾದ ವಿಮಾನಗಳ ಫೋಟೋ ನೋಡ್ಬೇಡಿ, ಅವು ತೊಳೆದು ಪಾಲಿಶ್ ಹಾಕಿದ ಮದುಮಕ್ಕಳು, ಯುದ್ಧದಲ್ಲಿದ್ದ ವಿಮಾನ ಹಂಗಿರ್ಲಿಲ್ಲ.

ಇನ್ನೊಂದು, ಸ್ಕೇಲ್ ಲೆಕ್ಕ ತಲೇಲಿ ಕೂತಿರ್ಬೇಕು. 1/48ರಲ್ಲಿ ನೀವು 1 ಮಿಲಿಮೀಟರ್ ಚುಕ್ಕೆ ಇಟ್ರೆ ನಿಜವಾದ ವಿಮಾನದಲ್ಲಿ ಅದು 48 ಮಿಲಿಮೀಟರ್, ಅಂದ್ರೆ ಎರಡು ಬೆರಳಗಲ ಬಣ್ಣ ಕಿತ್ತು ಹೋಗಿದೆ ಅಂತ ಅರ್ಥ. ಸ್ಕ್ರೂಡ್ರೈವರ್ ಜಾರಿ ಆದ ಗೀರು ಅಷ್ಟು ದಪ್ಪ ಇರಲ್ವಲ್ಲ. ಹಂಗಾಗಿ ಚಿಪ್ ಅನ್ನೋದು ಕಣ್ಣಿಗೆ ಕಂಡೂ ಕಾಣ್ದಂಗೆ ಇರ್ಬೇಕು, ಬ್ರಷ್ ತುದೀಲಿ ನಾಲ್ಕೈದು ಕೂದಲು ಇದ್ರೆ ಸಾಕು.

ಕಾಕ್‌ಪಿಟ್‌ನಿಂದ ಶುರು ಮಾಡೋಣ. ಪೂರ್ತಿ ಕಪ್ಪು ಪ್ರೈಮರ್ ಹೊಡೀರಿ, ಅದರ ಮೇಲೆ ಬ್ರಿಟಿಷರ ಬೂದು ಹಸಿರು ಬಣ್ಣ ಮೇಲ್ಗಡೆಯಿಂದ ಓರೆಯಾಗಿ ತೆಳ್ಳಗೆ ಹೊಡೀರಿ, ಮೂಲೆ ಸಂದುಗಳಲ್ಲಿ ಕಪ್ಪು ಹಂಗೇ ಉಳೀಲಿ, ನೆರಳು ತಾನಾಗೇ ಬರುತ್ತೆ. ಇನ್‌ಸ್ಟ್ರುಮೆಂಟ್ ಪ್ಯಾನಲ್ ಕಪ್ಪು. ಸೀಟು ಮಾತ್ರ ಹಸಿರಲ್ಲ ಗಮನಿಸಿ, ಸ್ಪಿಟ್‌ಫೈರ್ ಸೀಟುಗಳು ಬಹಳಷ್ಟು ರೆಸಿನ್ ಮತ್ತು ಪೇಪರ್ ಸೇರಿಸಿ ಅಚ್ಚು ಹಾಕಿದ್ದು, ಬೇಕಲೈಟ್ ತರ ಕೆಂಪು ಛಾಯೆಯ ಕಂದು, ಬೆನ್ನಿಗೆ ಕಪ್ಪು ಲೆದರ್ ಪ್ಯಾಡ್. ಸೀಟ್ ಕೂಡ ಹಸಿರು ಅಂತ ಕೆಲವು ಕಿಟ್ ಇನ್‌ಸ್ಟ್ರಕ್ಷನ್‌ನಲ್ಲಿ ಇರುತ್ತೆ, ಕಂದು ಮಾಡಿ ನೋಡಿ, ಮುಚ್ಚಿದ ಕೆನೋಪಿ ಒಳಗಿಂದಲೂ ಆ ಬಣ್ಣ ಎದ್ದು ಕಾಣುತ್ತೆ. ಡಯಲ್‌ಗಳಿಗೆ ಡೆಕಲ್ (ನೀರಲ್ಲಿ ನೆನೆಸಿ ಅಂಟಿಸೋ ತೆಳು ಚಿತ್ರ) ಅಂಟಿಸಿ ಒಂದೊಂದಕ್ಕೂ ಗ್ಲಾಸಿ (ಹೊಳೆಯೋ) ವಾರ್ನಿಶ್ ಒಂದು ಹನಿ, ಗಾಜು ಹಾಕಿದಂಗೇ ಆಗುತ್ತೆ.

ಸೀಟ್ ಬೆಲ್ಟ್‌ಗೆ ನನ್ನ ಪ್ರಕಾರ ಫೋಟೋ ಎಚ್, ಅಂದ್ರೆ ತೆಳ್ಳನೆ ಹಾಳೆಯಲ್ಲಿ ಕೊರೆದು ಮಾರೋ ಲೋಹದ ತುಂಡಿಗಿಂತ ತೆಳ್ಳನೆ ಮಾಸ್ಕಿಂಗ್ ಟೇಪ್ ಚೆನ್ನಾಗಿ ಬಾಗುತ್ತೆ. 0.8 ಮಿಲಿಮೀಟರ್ ಅಗಲಕ್ಕೆ ಕತ್ತರಿಸಿ ತಿಳಿ ಖಾಕಿ ಬಳಿದು ಸೀಟ್ ಅಂಚಿನ ಮೇಲೆ ಜೋಲುಬಿಡಿ, ಚಪ್ಪಟೆಯಾಗಿ ಅಂಟಿಸಬೇಡಿ, ಬಟ್ಟೆಗೆ ಭಾರ ಇರುತ್ತೆ, ಅದು ತೂಗಿ ಮಡಚಿಕೊಳ್ಳುತ್ತೆ. ಈ ಬೆಲ್ಟಿಗೆ ಸಟನ್ ಹಾರ್ನೆಸ್ ಅಂತಾರೆ, ಅದರಲ್ಲಿ ಸಾಲಾಗಿ ತೂತುಗಳಿರ್ತವೆ, ಪೆನ್ಸಿಲ್ ಚೂಪಲ್ಲಿ ಚುಕ್ಕೆ ಇಟ್ರೆ ಸಾಕು. ಪಕ್ಕದ ಗೋಡೆಗೆ 0.2, 0.3 ಮಿಲಿಮೀಟರ್ ತಾಮ್ರದ ತಂತಿ ಎರಡು ಮೂರು ಎಳೆ ಹಾಕಿ. ಹತ್ತು ಎಳೆ ಹಾಕಿದ್ರೂ ಯಾರಿಗೂ ಕಾಣಲ್ಲ, ಮೈ ಎರಡು ಭಾಗ ಮುಚ್ಚಿದ ಮೇಲೆ ಕಣ್ಣಿಗೆ ಬೀಳೋದು ಸೀಟು, ಬೆಲ್ಟು, ಪ್ಯಾನಲ್ ಮೇಲ್ಭಾಗ, ಪಕ್ಕದ ಬಾಗಿಲು, ಇಷ್ಟೇ. ಸಮಯ ಅಲ್ಲೇ ಹಾಕಿ.

ಹೊರಗಡೆ ಡೀಟೇಲಿಂಗ್‌ನಲ್ಲಿ ಅತಿ ಕಮ್ಮಿ ಶ್ರಮಕ್ಕೆ ಅತಿ ಹೆಚ್ಚು ಫಲ ಕೊಡೋದು ಎಕ್ಸಾಸ್ಟ್ ಬಾಯಿ ಕೊರೆಯೋದು. ಮಾರ್ಕ್ 9ಕ್ಕೆ ಒಂದೊಂದು ಪಕ್ಕ ಆರು ಪೈಪು, ಸೂಜಿಯಿಂದ ಮೊದ್ಲು ಗುರುತು ಮಾಡ್ಕೊಂಡು 0.4 ಮಿಲಿಮೀಟರ್ ಡ್ರಿಲ್ ಬಿಟ್ ಕೈಯಲ್ಲೇ ತಿರುಗಿಸಿ, ಬಾಯಿ ಉದ್ದುದ್ದ ಮೊಟ್ಟೆ ಆಕಾರ ಇರೋದ್ರಿಂದ ಎರಡು ತೂತು ಅಕ್ಕಪಕ್ಕ ಕೊರೆದು ಬ್ಲೇಡ್ ತುದೀಲಿ ಕೂಡಿಸಿ. ಲ್ಯಾಂಡಿಂಗ್ ಗೇರ್ ಕಾಲಿಗೆ ಬ್ರೇಕ್ ಪೈಪ್ ಅಂತ ಒಂದು ಸೀಸದ ತಂತಿ. ಟಯರ್ ಕೆಳಭಾಗ ಒಂಚೂರು ಮರಳು ಕಾಗದಕ್ಕೆ ಉಜ್ಜಿ ಚಪ್ಪಟೆ ಮಾಡಿ, ಮೂರು ಟನ್ನಿಗೂ ಮೇಲಿರೋ ವಿಮಾನದ ಭಾರ ಆ ಎರಡು ಟಯರ್ ಮೇಲಿದೆ ಅನ್ನೋದು ಕಾಣ್ಬೇಕು. ಆಂಟೆನಾ ಕಂಬದಿಂದ ಬಾಲಕ್ಕೆ ದಾರ ಕಟ್ಟೋಕೆ ಹೋಗ್ಬೇಡಿ. ವಿಎಚ್‌ಎಫ್ ರೇಡಿಯೋ ಬಂದ ಮೇಲೆ ಆ ತಂತಿ ಹೋಯ್ತು, ಕಂಬವೇ ಆಂಟೆನಾ.

ರಡ್ಡರ್, ಎಲಿವೇಟರ್ ತರದ ಚಲಿಸೋ ಭಾಗಗಳನ್ನ (ಕಂಟ್ರೋಲ್ ಸರ್ಫೇಸ್) ಕತ್ತರಿಸಿ ಬೇರೆ ಕೋನದಲ್ಲಿ ಅಂಟಿಸ್ತೀರ ಅಂದ್ರೆ ತುಂಬಾ ಸಂತೋಷ, ನಿಂತ ವಿಮಾನಕ್ಕೆ ಜೀವ ಬರುತ್ತೆ. ಆದ್ರೆ ಒಂದಕ್ಕೊಂದು ಹೊಂದಿಕೆ ಇರ್ಲಿ, ರೆಕ್ಕೆ ತುದಿ ಹತ್ರದ ಐಲರಾನ್‌ಗಳಲ್ಲಿ ಎಡದ್ದು ಮೇಲಿದ್ರೆ ಬಲದ್ದು ಕೆಳಗೆ, ಎಲಿವೇಟರ್ ಎರಡೂ ಒಟ್ಟಿಗೆ ಕೆಳಗಿದ್ರೆ ಕಾಕ್‌ಪಿಟ್‌ನಲ್ಲಿ ಸ್ಟಿಕ್ ಮುಂದಕ್ಕೆ ಬಾಗಿರ್ಬೇಕು. ಫ್ಲ್ಯಾಪ್ (ಇಳಿಯುವಾಗ ರೆಕ್ಕೆ ಕೆಳಗೆ ಬಾಗೋ ಹಲಗೆ) ಮಾತ್ರ ಮುಚ್ಚಿಬಿಡಿ. ಸ್ಪಿಟ್‌ಫೈರ್ ಪೈಲಟ್‌ಗಳು ಇಳಿದ ತಕ್ಷಣ ಫ್ಲ್ಯಾಪ್ ಮೇಲೆತ್ತುತಿದ್ರು, ನಿಂತ ಸ್ಪಿಟ್‌ಫೈರ್‌ಗೆ ಫ್ಲ್ಯಾಪ್ ಇಳಿಬಿಟ್ಟ ಮಾಡೆಲ್ ನೋಡೋಕೆ ಚೆಂದ ಇದ್ರೂ ನಂಬೋಕೆ ಕಷ್ಟ.

ಈಗ ಬಣ್ಣ. ಬ್ರಿಟಿಷರು 1941ರ ಆಗಸ್ಟ್‌ನಲ್ಲಿ ಡೇ ಫೈಟರ್ ಸ್ಕೀಮ್ ಅಂತ ತಂದ್ರು, ಮೇಲ್ಗಡೆ ಡಾರ್ಕ್ ಗ್ರೀನ್ ಮತ್ತು ಓಷನ್ ಗ್ರೇ, ಕೆಳಗೆ ಮೀಡಿಯಂ ಸೀ ಗ್ರೇ, ಸ್ಪಿನ್ನರ್ ಮತ್ತು ಬಾಲದ ಹತ್ರದ ಪಟ್ಟೆ ಸ್ಕೈ ಅನ್ನೋ ತಿಳಿ ಹಸಿರು ಛಾಯೆಯ ಬಣ್ಣ, ರೆಕ್ಕೆಯ ಹೊರಗಿನ ಮುಂದಂಚಿಗೆ ಹಳದಿ. ಟಮಿಯಾ ಕಂಪನಿ ಬಣ್ಣಗಳಲ್ಲಿ ಎಕ್ಸ್‌ಎಫ್-81, 82, 83 ಇದಕ್ಕೇ ಇರೋದು. ಬಾಟಲಿಯಿಂದ ತೆಗೆದು ಒಂದೇ ಸಮ ಹೊಡೆದ್ರೆ ಆಟಿಕೆ ತರ ಕಾಣುತ್ತೆ, ಹಂಗಾಗಿ ಕಪ್ಪು ಅಥವಾ ಗಾಢ ಬೂದು ಬೇಸ್ ಮೇಲೆ ಬಣ್ಣವನ್ನ ತುಂಬಾ ತೆಳು ಮಾಡಿ, ಮೂರು ಪಾಲು ಥಿನ್ನರ್‌ಗೆ ಒಂದು ಪಾಲು ಬಣ್ಣ ಅನ್ನೋ ಹಂಗೆ, ಪ್ರತಿ ಪ್ಯಾನಲ್ ಒಳಗೆ ಗೊತ್ತು ಗುರಿ ಇಲ್ದೆ ಸುರುಳಿ ಸುರುಳಿಯಾಗಿ ಗೀಚ್ತಾ ಹೋಗಿ. ಪ್ರೆಷರ್ 12 ಪಿಎಸ್‌ಐ ಆಸುಪಾಸು ಇರ್ಲಿ, ಏರ್‌ಬ್ರಷ್ ತುದಿ ಮೈಯಿಂದ ಎರಡು ಮೂರು ಸೆಂಟಿಮೀಟರ್ ದೂರದಲ್ಲಿ. ಮೊದ್ಲು ಹೆದರಿಕೆ ಆಗುತ್ತೆ, ಅಷ್ಟು ಕೊಳಕಾಗಿ ಕಾಣುತ್ತೆ ಅದು. ಆಮೇಲೆ ಅದೇ ಬಣ್ಣವನ್ನ ಇನ್ನೂ ತೆಳು ಮಾಡಿ ಇಡೀ ಮೈಮೇಲೆ ಒಂದೆರಡು ಪದರ ಹೊಡೆದಾಗ ಎಲ್ಲಾ ಕೂಡ್ಕೊಂಡು ಕೆಳಗಿನ ಏರಿಳಿತ ಸಣ್ಣಗೆ ಉಸಿರಾಡ್ತಾ ಉಳಿಯುತ್ತೆ. ನಿಲ್ಲಿಸೋ ಜಾಗ ಗೊತ್ತಾಗೋದು ಅನುಭವದಿಂದ, ಒಂದು ಪದರ ಕಮ್ಮಿ ಅನ್ನಿಸಿದಾಗಲೇ ನಿಲ್ಲಿಸಿ, ಮುಂದೆ ಬರೋ ವಾರ್ನಿಶ್ ಮತ್ತು ವಾಶ್ (ಸಂದಿಗೆ ಇಳಿಸೋ ತೆಳು ಬಣ್ಣ) ವ್ಯತ್ಯಾಸವನ್ನ ಹೆಚ್ಚು ಮಾಡೇ ಮಾಡುತ್ತೆ. ಲ್ಯಾಕರ್ (ಕಟು ಥಿನ್ನರ್‌ನಲ್ಲಿ ಕರಗೋ ಬಣ್ಣ) ಹೊಡೆಯೋರು ದಯವಿಟ್ಟು ರೆಸ್ಪಿರೇಟರ್ ಮಾಸ್ಕ್ ಹಾಕ್ಕೊಳ್ಳಿ, ಕಿಟಕಿ ತೆಗೆದಿಡಿ, ಬಟ್ಟೆ ಮಾಸ್ಕ್ ಆ ಹೊಗೆಗೆ ಏನೂ ತಡೆಯಲ್ಲ.

ಮಾಸಿದ ಬಣ್ಣಕ್ಕೆ ಬರೀ ಬಿಳಿ ಸೇರಿಸಬೇಡಿ, ಹಸಿರಿಗೆ ಬಿಳಿ ಬಿದ್ರೆ ಪುದೀನ ತರ ಆಗುತ್ತೆ. ಹಸಿರಿಗೆ ಹಳದಿ ಕಂದು ಒಂದು ಹನಿ, ಗ್ರೇಗೆ ತಿಳಿ ಬೂದು ಒಂದು ಹನಿ. ಮತ್ತೆ ಯುರೋಪಿನಲ್ಲಿದ್ದ ಫೈಟರ್‌ಗಳು ವರ್ಷಗಟ್ಟಲೆ ಬಿಸಿಲಲ್ಲಿ ನಿಂತು ಬೆಳ್ಳಗಾದವಲ್ಲ, ಎಷ್ಟೋ ವಿಮಾನಗಳ ಆಯಸ್ಸೇ ಕೆಲವು ತಿಂಗಳು. ಪೆಸಿಫಿಕ್ ದ್ವೀಪಗಳಲ್ಲಿ ಉಪ್ಪು ಗಾಳಿ, ಹವಳದ ಧೂಳು, ಬಿಸಿಲು ತಿಂದ ಅಮೆರಿಕದ ಕೋರ್ಸೇರ್ ಫೈಟರ್‌ಗೆ ಹಾಕೋ ಮಾಸು ಇದಕ್ಕೆ ಹಾಕ್ಬಾರ್ದು. ಜಪಾನಿನ ಸೈನ್ಯದ ಎಷ್ಟೋ ವಿಮಾನಗಳಿಗೆ ಪ್ರೈಮರ್ ಇಲ್ದೆ ನೇರವಾಗಿ ಲೋಹದ ಮೇಲೇ ಹಸಿರು ಹೊಡೀತಿದ್ದರಿಂದ ಬಣ್ಣ ಹಾಳೆ ಹಾಳೆಯಾಗಿ ಎದ್ದು ಹೋಗ್ತಿತ್ತು. ಸ್ಪಿಟ್‌ಫೈರ್ ಹಂಗೆ ಸುಲಿಯಲ್ಲ, ಸವೆಯುತ್ತೆ.

ಚಿಪ್ಪಿಂಗ್ ಎಲ್ಲಿ ಮಾಡೋದು? ಕಾಲು ಎಲ್ಲಿ ಬೀಳುತ್ತೋ, ಕೈ ಎಲ್ಲಿ ಹೋಗುತ್ತೋ ಅಲ್ಲಿ. ಸ್ಪಿಟ್‌ಫೈರ್‌ನಲ್ಲಿ ಸಣ್ಣ ಬಾಗಿಲು ಇರೋದು ಎಡಗಡೆ, ಪೈಲಟ್ ಹತ್ತೋದು ಎಡ ರೆಕ್ಕೆ ಬುಡದಿಂದ, ಹಂಗಾಗಿ ಎಡ ಬುಡ ಬಲಕ್ಕಿಂತ ಜಾಸ್ತಿ ಸವೆದಿರ್ಬೇಕು. ಎರಡೂ ಕಡೆ ಕನ್ನಡಿಯಲ್ಲಿ ನೋಡಿದಂಗೆ ಒಂದೇ ತರ ಚಿಪ್ ಮಾಡಿದ ಮಾಡೆಲ್ ನೋಡಿದ ತಕ್ಷಣ ಗೊತ್ತಾಗುತ್ತೆ, ಮಾಡಿದವರು ವಿಮಾನದ ಬಗ್ಗೆ ಯೋಚಿಸದೆ ಬಣ್ಣದ ಬಗ್ಗೆ ಮಾತ್ರ ಯೋಚಿಸಿದಾರೆ ಅಂತ. ಆಮೇಲೆ ಎಂಜಿನ್ ಕೌಲಿಂಗ್ (ಎಂಜಿನ್ ಮುಚ್ಚೋ ತಗಡು) ಫಾಸ್ಟನರ್‌ಗಳ ಸುತ್ತ, ದಿನಾ ತೆಗೆದು ಹಾಕೋದು ಅದು. ರೆಕ್ಕೆ ಮೇಲೆ ಗನ್ ಬೇ ಮುಚ್ಚಳಗಳ ಅಂಚು, ಗುಂಡು ತುಂಬೋರು ಮಂಡಿ ಊರಿ ಕೂತ ಜಾಗ. ವಿಂಡ್‌ಸ್ಕ್ರೀನ್ ಮುಂದೆ ಪೆಟ್ರೋಲ್ ಮುಚ್ಚಳ ಇದೆ, ಸ್ಪಿಟ್‌ಫೈರ್ ಮುಖ್ಯ ಟ್ಯಾಂಕ್ ಪೈಲಟ್‌ನ ಎದುರಿಗೇ ಇರೋದ್ರಿಂದ, ಅಲ್ಲಿ ಚೆಲ್ಲಿದ ಪೆಟ್ರೋಲ್ ಎರಡೂ ಪಕ್ಕಕ್ಕೆ ಇಳಿದು ಧೂಳು ತೊಳೆದು ತಿಳಿ ಗೆರೆ ಮಾಡಿರುತ್ತೆ, ಅಂಚಲ್ಲಿ ಸ್ವಲ್ಪ ಕೊಳೆ ನಿಂತಿರುತ್ತೆ. ರೆಕ್ಕೆ ತುದಿಯಲ್ಲಿ, ಬಾಲದ ಮೇಲೆ ಚಿಪ್ ಅಷ್ಟಾಗಿ ಬೇಕಿಲ್ಲ, ಅಲ್ಲಿ ಕಾಲು ಬೀಳೋದು ಕಮ್ಮಿ.

ಹೇಗೆ ಮಾಡೋದು ಅಂದ್ರೆ ಎಡ ಬುಡಕ್ಕೆ ಹೇರ್‌ಸ್ಪ್ರೇ ವಿಧಾನ. ಮೊದಲೇ ಅಲ್ಯೂಮಿನಿಯಂ ಲ್ಯಾಕರ್ ಹೊಡೆದು ಚೆನ್ನಾಗಿ ಒಣಗಿದ ಮೇಲೆ ಹೇರ್‌ಸ್ಪ್ರೇ ಅಥವಾ ರೆಡಿ ಚಿಪ್ಪಿಂಗ್ ಫ್ಲೂಯಿಡ್ ಎರಡು ಪದರ, ಅದರ ಮೇಲೆ ಅಕ್ರಿಲಿಕ್ ಬಣ್ಣ, ಇಲ್ಲಿ ಲ್ಯಾಕರ್ ಬೇಡ, ನೀರು ಅದರ ಕೆಳಗೆ ಇಳಿಯಲ್ಲ. ಬಣ್ಣ ಒಣಗಿ ಅರ್ಧ ಗಂಟೆಯೊಳಗೆ ಬೆಚ್ಚಗಿನ ನೀರು ಸವರಿ ಒಂದು ನಿಮಿಷ ಬಿಟ್ಟು ಗಿಡ್ಡ ಕೂದಲಿನ ಬ್ರಷ್‌ನಿಂದ ಮೆಲ್ಲಗೆ ಚುಚ್ಚಿ, ಉಜ್ಜಬೇಡಿ. ಒಂದು ಸಲ ನಾನು ರಾತ್ರಿ ಬಣ್ಣ ಹೊಡೆದು ಬೆಳಗ್ಗೆ ಚಿಪ್ ಮಾಡೋಕೆ ಕೂತೆ, ಬಣ್ಣ ಗಟ್ಟಿಯಾಗಿ ಜಪ್ಪಯ್ಯ ಅಂದ್ರೂ ಬರ್ಲಿಲ್ಲ, ಬಲ ಹಾಕಿದಾಗ ಒಂದು ದೊಡ್ಡ ಹಾಳೆಯೇ ಎದ್ದು ಬಂತು, ಆ ರೆಕ್ಕೆ ಪೂರ್ತಿ ಮತ್ತೆ ಹೊಡೀಬೇಕಾಯ್ತು. ಉಳಿದ ಕಡೆಗೆ ಸಿಲ್ವರ್ ಪೆನ್ಸಿಲ್ ಚೂಪು ಮಾಡಿ ಚುಕ್ಕೆ ಚುಕ್ಕೆ, ಅಥವಾ ಸ್ಪಾಂಜ್ ತುಂಡನ್ನ ಬಣ್ಣಕ್ಕೆ ಅದ್ದಿ ಕಾಗದದ ಮೇಲೆ ಬಹುಪಾಲು ತಟ್ಟಿ ತೆಗೆದು ಉಳಿದಿದ್ದನ್ನ ತಟ್ಟಿ. ಎಲ್ಲಾ ಚಿಪ್ಪೂ ಲೋಹದ ತನಕ ಇಳೀಬೇಕಾಗಿಲ್ಲ, ಅರ್ಧಕ್ಕರ್ಧ ಬರೀ ಮೇಲಿನ ಬಣ್ಣಕ್ಕಿಂತ ಒಂದು ಛಾಯೆ ತಿಳಿಯಾಗಿದ್ರೆ ಅದೇ ಸಹಜ.

ಇದಾದ ಮೇಲೆ ಗ್ಲಾಸಿ ವಾರ್ನಿಶ್, ಡೆಕಲ್, ಮತ್ತೆ ಗ್ಲಾಸಿ ವಾರ್ನಿಶ್. ನುಣುಪಿಲ್ಲದ ಮೈಮೇಲೆ ಡೆಕಲ್ ಹಾಕಿದ್ರೆ ಕೆಳಗೆ ಗಾಳಿ ಸೇರಿ ಬೆಳ್ಳಿ ತರ ಮಿನುಗುತ್ತೆ. ಡೆಕಲ್ ಸಾಫ್ಟ್ನರ್ ಹಚ್ಚಿದಾಗ ಸುಕ್ಕು ಬರುತ್ತೆ, ಗಾಬರಿಯಾಗಿ ಬೆರಳಿಡಬೇಡಿ, ಅದೇ ಸರಿಹೋಗುತ್ತೆ.

ಈಗ ಈ ಪೂರ್ತಿ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಭಾಗ, ಇನ್ವೇಶನ್ ಪಟ್ಟೆಗಳು. 1944ರ ಜೂನ್ 6ರ ಇಳಿತಕ್ಕೆ ಮುಂಚೆ, ಸ್ವಂತದವರೇ ಗುಂಡು ಹಾರಿಸಬಾರ್ದು ಅಂತ ವಿಮಾನಗಳಿಗೆ ಮೂರು ಬಿಳಿ ಎರಡು ಕಪ್ಪು ಪಟ್ಟೆ ಬಳಿಯೋಕೆ ಆರ್ಡರ್ ಬಂತು, ಒಂಟಿ ಎಂಜಿನ್ ಫೈಟರ್‌ಗೆ ಒಂದೊಂದು ಪಟ್ಟೆ 18 ಇಂಚು. 1/48ರಲ್ಲಿ ಅದು 9.5 ಮಿಲಿಮೀಟರ್. ಗುಟ್ಟು ಹೊರಗೆ ಬೀಳಬಾರ್ದು ಅಂತ ಕೊನೇ ಗಳಿಗೆವರೆಗೂ ತಡೆದಿಟ್ಟಿದ್ದರಿಂದ ಗ್ರೌಂಡ್ ಕ್ರ್ಯೂ ಸಿಕ್ಕ ಬ್ರಷ್ ಹಿಡ್ಕೊಂಡು ಅವಸರದಲ್ಲಿ ಕೈಯಿಂದ ಬಳಿದ್ರು. ಅಂಚು ಸೊಟ್ಟ, ಬಿಳಿ ಕೆಳಗಿಂದ ಕ್ಯಾಮೊಫ್ಲಾಜ್ ಇಣುಕ್ತಿತ್ತು, ಕೆಲವು ಕಡೆ ಕೋಡ್ ಅಕ್ಷರದ ಸುತ್ತ ಸುತ್ತು ಹಾಕಿ ಬಳಿದಿದ್ರು. ಹಂಗಾಗಿ ಡೆಕಲ್ ಪಟ್ಟೆ ಎತ್ತಿಟ್ಟು ಬಿಡಿ. ಟೇಪ್‌ನಿಂದ ಸಣ್ಣ ಗುರುತು ಮಾತ್ರ ಮಾಡ್ಕೊಂಡು ಚಪ್ಪಟೆ ಬ್ರಷ್‌ನಲ್ಲಿ ಬಿಳಿ ಅಕ್ರಿಲಿಕ್ ತೆಳ್ಳಗೆ ಎರಡು ಪದರ ಕೈಯಲ್ಲೇ ಎಳೀರಿ, ರೆಕ್ಕೆ ಮೇಲೆ ಮುಂದಿನಿಂದ ಹಿಂದಕ್ಕೆ, ಮೈಮೇಲೆ ಮೇಲಿಂದ ಕೆಳಕ್ಕೆ. ಬಿಳಿಗೆ ಒಂದು ಹನಿ ಬೂದು ಸೇರಿಸಿ, ಅಚ್ಚ ಬಿಳಿ ಕಣ್ಣು ಕುಕ್ಕುತ್ತೆ.

ಇಲ್ಲೇ ಕಾಲದ ಕ್ರಮ ಬರುತ್ತೆ. ವಿಮಾನ ಮಾರ್ಚ್‌ನಿಂದ ಹಾರ್ತಾ ಇದ್ದು ಪಟ್ಟೆ ಜೂನ್‌ನಲ್ಲಿ ಬಂತು ಅಂದ್ಕೊಳ್ಳಿ, ಪಟ್ಟೆಗೆ ಮುಂಚೆ ಆಗಿದ್ದ ಸವೆತ, ಮಸಿ, ಎಣ್ಣೆ ಕಲೆ ಎಲ್ಲಾ ಪಟ್ಟೆಯ ಕೆಳಗಿರ್ಬೇಕು, ಪಟ್ಟೆ ಮೇಲೆ ಕೆಲವೇ ದಿನದ ಕೊಳೆ. ಅಂದ್ರೆ ವಾಶ್ ಮತ್ತು ಮೊದಲ ಮಸಿ ಪಟ್ಟೆ ಬಳಿಯೋಕೆ ಮುಂಚೆ ಮಾಡಿ, ವಾರ್ನಿಶ್ ಹಾಕಿ, ಆಮೇಲೆ ಪಟ್ಟೆ, ಆಮೇಲೆ ತುಂಬಾ ಕಮ್ಮಿ ಎರಡನೇ ಸುತ್ತಿನ ಕೊಳೆ. ಎಲ್ಲಾ ಮುಗಿಸಿ ಕೊನೆಗೆ ಒಟ್ಟಿಗೆ ವೆದರಿಂಗ್ ಮಾಡಿದ ಮಾಡೆಲ್‌ಗೂ ಇದಕ್ಕೂ ಪಕ್ಕಪಕ್ಕ ಇಟ್ಟು ನೋಡಿದ್ರೆ, ಇದರಲ್ಲಿ ಒಂದು ಕಥೆ ನಡೆದಿರೋದು ಓದೋಕೆ ಸಿಗುತ್ತೆ.

ವಾಶ್ ಅಂದ್ರೆ ಪ್ಯಾನಲ್ ಲೈನ್ ಒಳಗೆ ಇಳಿಯೋ ತೆಳು ಗಾಢ ಬಣ್ಣ. ಕಪ್ಪು ಬೇಡ, ಮೇಲ್ಗಡೆಗೆ ಗಾಢ ಕಂದು, ಕೆಳಗಿನ ಬೂದು ಭಾಗಕ್ಕೆ ಇನ್ನೂ ತಿಳಿಯಾದ ಬೂದು ಕಂದು. ರೇಖೆಗೆ ಬ್ರಷ್ ತುದಿ ಮುಟ್ಟಿಸಿದ್ರೆ ತಾನೇ ಹರ್ಕೊಂಡು ಹೋಗುತ್ತೆ, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ವೈಟ್ ಸ್ಪಿರಿಟ್ ಒಂಚೂರು ತಾಗಿಸಿದ ಬಟ್ಟೆಯಿಂದ ಗಾಳಿ ಹರಿಯೋ ದಿಕ್ಕಲ್ಲಿ, ಅಂದ್ರೆ ಮುಂದಿನಿಂದ ಹಿಂದಕ್ಕೆ ಒರೆಸಿ. ಇದರಲ್ಲಿ ಒಂದು ಎಚ್ಚರಿಕೆ ಹೇಳ್ಲೇಬೇಕು. ಎನಾಮಲ್ ವಾಶ್ ಬಣ್ಣ ಇಲ್ದಿರೋ ಪ್ಲಾಸ್ಟಿಕ್ ಮೇಲೆ, ಅದರಲ್ಲೂ ಬಿಗಿದು ಅಂಟಿಸಿದ ಕಡೆ ಬಿದ್ರೆ ಪ್ಲಾಸ್ಟಿಕ್ ಪುಡಿಯಾಗುತ್ತೆ. ಲ್ಯಾಂಡಿಂಗ್ ಗೇರ್ ಬುಡಕ್ಕೆ ಧಾರಾಳವಾಗಿ ವಾಶ್ ಬಿಟ್ಟು ಮಲಗಿದ್ದೆ, ಬೆಳಗ್ಗೆ ಎತ್ತಿದಾಗ ಕಾಲು ಕಡ್ಡಿ ತರ ಲಟಕ್ ಅಂತ ಮುರೀತು. ಅಲ್ಲಿಂದೀಚೆಗೆ ಮೊದಲು ವಾರ್ನಿಶ್, ಆಮೇಲೆ ವಾಶ್, ಅದೂ ಸ್ವಲ್ಪವೇ.

ಆಯಿಲ್ ಪೇಂಟ್‌ಗೆ ಸ್ವಲ್ಪ ಜಾಸ್ತಿ ಹೊತ್ತು ಕೊಡಿ. ಟ್ಯೂಬ್‌ನಿಂದ ಕಾರ್ಡ್‌ಬೋರ್ಡ್ ಮೇಲೆ ಹಾಕಿ ಒಂದೆರಡು ಗಂಟೆ ಬಿಟ್ರೆ ಎಣ್ಣೆ ಹೀರಿಕೊಳ್ಳುತ್ತೆ, ಆಮೇಲೆ ಬೇಗ ಒಣಗುತ್ತೆ, ಹೊಳಪೂ ಇರಲ್ಲ. ಬಿಳಿ, ತಿಳಿ ಹಳದಿ, ಕಂದು, ಇಷ್ಟರಲ್ಲಿ ಸೂಜಿಮೊನೆಯಷ್ಟು ಚುಕ್ಕೆಗಳು ಅಲ್ಲಲ್ಲಿ ಇಟ್ಟು ಬಹುತೇಕ ಒಣಗಿದ ಬ್ರಷ್‌ನಿಂದ ಎಳೆದು ಕರಗಿಸಿ, ಬಣ್ಣ ಮಾಯವಾಗೋ ಹೊತ್ತಿಗೆ ಬಿಡಿ. ಮೆರ್ಲಿನ್ ಎಂಜಿನ್ ಕೆಳಗಿನ ಕೌಲಿಂಗ್ ಸಂದಿಂದ ಎಣ್ಣೆ ಸೋರಿ ಹೊಟ್ಟೆ ಕೆಳಗೆ ಹಿಂದಕ್ಕೆ ಎಳೆದುಕೊಂಡು ಹೋಗುತ್ತೆ, ಅದಕ್ಕೆ ಗಾಢ ಕಂದು, ಉದ್ದ, ತೆಳು ಎಳೆಗಳು. ಹಳೇ ಎಣ್ಣೆ ಮಂಕು, ಹೊಸಾ ಎಣ್ಣೆ ಹೊಳೆಯುತ್ತೆ, ಹಂಗಾಗಿ ಕೊನೇ ಮ್ಯಾಟ್ ವಾರ್ನಿಶ್ ಆದ ಮೇಲೆ ಎರಡು ಮೂರು ಎಳೆಗಷ್ಟೇ ಗ್ಲಾಸಿ ವಾರ್ನಿಶ್ ಸೇರಿಸಿ ಹಚ್ಚಿ. ಹೊಟ್ಟೆ ಯಾರಿಗೆ ಕಾಣುತ್ತೆ ಅಂತ ಬಿಡ್ಬೇಡಿ, ಸ್ಪಿಟ್‌ಫೈರ್ ಮೈಯಲ್ಲಿ ಅತಿ ಕೊಳಕು ಜಾಗ ಅದೇ.

ಎಕ್ಸಾಸ್ಟ್ ಮಸಿಗೆ ಏರ್‌ಬ್ರಷ್ಷೇ ಬೇಕು. ಕೆಂಪುಕಂದು ಮತ್ತು ಕಪ್ಪು ಸಮ ಸೇರಿಸಿ ನೂರಕ್ಕೆ ತೊಂಬತ್ತು ಭಾಗ ಥಿನ್ನರ್, ಪ್ರೆಷರ್ 10 ಪಿಎಸ್‌ಐ. ಪೈಪ್ ಬಾಯಿಂದ ಶುರು ಮಾಡಿ ಗಾಳಿ ಹೋಗೋ ದಾರೀಲಿ ಹಿಂದಕ್ಕೆ, ರೆಕ್ಕೆ ಬುಡದ ಬಾಗು ಹಿಡ್ಕೊಂಡು ಎಳೀರಿ, ಒಂದು ಸಲಕ್ಕೆ ಏನೂ ಕಾಣಬಾರ್ದು, ಏಳೆಂಟು ಸಲ ಆದ ಮೇಲೆ ಮೆಲ್ಲಗೆ ಮೂಡ್ಬೇಕು. ಕೊನೆಗೆ ಮಧ್ಯದಲ್ಲಿ ಸಣ್ಣಗೆ ತಿಳಿ ಬೂದುಕಂದು ಎಳೆ, ಯಾಕಂದ್ರೆ ತುಂಬಾ ಹೊತ್ತು ಒಂದೇ ಸಮ ವೇಗದಲ್ಲಿ (ಕ್ರೂಸ್) ಹಾರಿದಾಗ ಎಂಜಿನ್ನಿನ ಪೆಟ್ರೋಲ್ ಗಾಳಿ ಮಿಶ್ರಣ ತೆಳುವಾಗಿ ಉಳಿಯೋ ಕಲೆ ಕಪ್ಪಗಿರಲ್ಲ, ಬೂದಿ ಬಣ್ಣಕ್ಕೆ ತಿರುಗುತ್ತೆ. ಗನ್ ಮಸಿ ಬೇರೆ. ರೆಕ್ಕೆ ಮುಂದಂಚಲ್ಲಿ ಸಣ್ಣ ಬ್ರೌನಿಂಗ್ ಗನ್ ತೂತುಗಳಿಗೆ ಧೂಳು, ತೇವ ಹೋಗ್ದಂಗೆ ಬಟ್ಟೆ ಪಟ್ಟಿ ಅಂಟಿಸ್ತಿದ್ರು, ಹಾರೋಕೆ ರೆಡಿಯಾಗಿ ನಿಂತ ವಿಮಾನಕ್ಕೆ ಪಟ್ಟಿ ಇರ್ಬೇಕು, ಅಲ್ಲಿ ಹೊಸ ಮಸಿ ಇರಬಾರ್ದು. ಯುದ್ಧ ಮಾಡಿ ಬಂದ ವಿಮಾನ ತೋರಿಸ್ತೀರಾದ್ರೆ ಪಟ್ಟಿ ಹರಿದಿರುತ್ತೆ, ಮಸಿ ಹೆಚ್ಚಾಗಿ ರೆಕ್ಕೆ ಕೆಳಗೆ, ಖಾಲಿ ತೋಟಾ ಉದುರೋ ಕಿಂಡಿಗಳ ಹಿಂದೆ. ಎರಡರಲ್ಲಿ ಒಂದು ಆಯ್ಕೆ ಮಾಡಿ, ಎರಡೂ ಒಟ್ಟಿಗೆ ಬೇಡ.

ಟಯರ್‌ಗೆ ಕಪ್ಪು ಬೇಡ, ಗಾಢ ಬೂದು ಹಚ್ಚಿ ಮಣ್ಣು ಬಣ್ಣದ ಪಿಗ್ಮೆಂಟ್ ಪುಡಿ ಒಣಗಿದ ಬ್ರಷ್‌ನಲ್ಲಿ ತಟ್ಟಿ. ನಾರ್ಮಂಡಿಯ ತಾತ್ಕಾಲಿಕ ರನ್‌ವೇಗಳಲ್ಲಿ ಆ ಬೇಸಿಗೆ ಧೂಳೋ ಧೂಳು, ಹಂಗಾಗಿ ಗೇರ್ ಬಾಗಿಲ ಒಳಭಾಗ, ರೆಕ್ಕೆ ಕೆಳಗೆ ಚಕ್ರದ ಹಿಂದೆ ತಿಳಿ ಮಣ್ಣಿನ ಮಬ್ಬು ಏರ್‌ಬ್ರಷ್‌ನಿಂದ ಒಂದು ಸಲ. ಎಡ ರೆಕ್ಕೆ ಬುಡದಲ್ಲಿ ಅದೇ ಪಿಗ್ಮೆಂಟ್‌ನಿಂದ ಒಂದೆರಡು ಬೂಟಿನ ಗುರುತು, ಬೂಟು 1/48ರಲ್ಲಿ ಆರೇಳು ಮಿಲಿಮೀಟರ್ ಉದ್ದ ಅನ್ನೋದು ನೆನಪಿರ್ಲಿ.

ಕೊನೇ ವಾರ್ನಿಶ್ ಪೂರ್ತಿ ಮ್ಯಾಟ್ ಬೇಡ, ಸ್ಯಾಟಿನ್‌ಗೆ ಮ್ಯಾಟ್ ಅರ್ಧ ಸೇರಿಸಿ ಹೊಡೀರಿ, ಸ್ಪಿಟ್‌ಫೈರ್ ಮೈಗೆ ವೇಗಕ್ಕೋಸ್ಕರ ನುಣುಪಾದ ಬಣ್ಣಾನೇ ಹೊಡೀತಿದ್ರು, ಸೀಮೆಸುಣ್ಣದ ತರ ಇರ್ಲಿಲ್ಲ. ಬಟ್ಟೆಯ ರಡ್ಡರ್‌ಗೆ ಮಾತ್ರ ಒಂದು ಪದರ ಮ್ಯಾಟ್ ಜಾಸ್ತಿ ಹೊಡೆದು ನೋಡಿ, ಬಣ್ಣ ಅದೇ ಇದ್ದರೂ ಕೆಳಗಿರೋದು ಲೋಹ ಅಲ್ಲ ಅಂತ ಕಣ್ಣಿಗೆ ಹೊಳೆಯುತ್ತೆ. ಆಮೇಲೆ ಕೆನೋಪಿ ಮಾಸ್ಕ್ ತೆಗೀರಿ, ಬ್ಲೇಡ್‌ನಿಂದ ಕೆದಕದೆ ಹಲ್ಲುಕಡ್ಡಿಯಿಂದ ಅಂಚು ಎಬ್ಬಿಸಿ.